ಕೊಂಡ ಮೇಲೆ ಬಂದ ಐಬು

ಅಕ್ಕನನ್ನು ಬಂದು ಕರೆದುಕೊಂಡು ಹೋಗು ಎಂದು ಅವಳ ಗಂಡನ ಮನೆಯಿಂದ ಹೇಳಿಕಳಿಸಿದ ದಿನ ನಾನು ಸಿಂದಗಿಯ ದನದ ಸಂತೆಯಲ್ಲಿದ್ದೆ. ನನ್ನ ಕೈ ಒಬ್ಬ ರೈತನ ಅಂಗೈಯೊಳಗಿತ್ತು. ಎರಡೂ ಕೈಗಳನ್ನು ನನ್ನ ಹೆಗಲ ವಸ್ತ್ರ ಮುಚ್ಚಿತ್ತು. ನಮ್ಮ ಕಡೆ ದನದ ಬೆಲೆಯನ್ನು ಬಾಯಿಂದ ಆಡುವುದಿಲ್ಲ. ವಸ್ತ್ರದ ಕೆಳಗೆ ಬೆರಳು ಹಿಡಿದು ಒತ್ತುತ್ತೇವೆ. ಯಾವ ಬೆರಳು, ಎಷ್ಟು ಬೆರಳು ಎನ್ನುವುದರಲ್ಲೇ ಬೆಲೆ ಅಡಗಿರುತ್ತದೆ. ಸುತ್ತ ನಿಂತವರಿಗೆ ಕಾಣುವುದು ವಸ್ತ್ರದ ಅಲುಗಾಟವಷ್ಟೇ.

ಭಾವನ ಚಿಕ್ಕಪ್ಪನ ಮಗ ಜನರನ್ನು ಸರಿಸಿಕೊಂಡು ಬಂದು ನನ್ನ ಎದುರು ನಿಂತ.

"ಅಣ್ಣಾ, ನಿಮ್ಮ ಅಕ್ಕನ್ನ ಕರಕೊಂಡ ಹೋಗಬೇಕಂತ್ರಿ. ದೊಡ್ಡವ್ವ ಹೇಳಿ ಕಳಿಸ್ಯಾಳ."

"ಹಬ್ಬಕ್ಕೇನೋ?"

"ಹಬ್ಬಕ್ಕಲ್ರಿ." ಅವನು ನೆಲ ನೋಡಿದ. "ಕಾಯಮ್."

ನಾನು ಕೈ ಬಿಡಲಿಲ್ಲ. ವ್ಯಾಪಾರ ಮುಗಿಸಿದೆ. ಇದನ್ನು ಓದುವವರಿಗೆ ಇಲ್ಲಿಯೇ ಒಂದು ಮಾತು ಹೇಳಿಬಿಡುತ್ತೇನೆ: ಕೆಟ್ಟ ಸುದ್ದಿ ಬಂದಿತೆಂದು ಕೈಯಲ್ಲಿದ್ದ ವ್ಯಾಪಾರ ಬಿಟ್ಟು ಏಳಬೇಡಿ. ನಿಮಗೆ ಅವಸರವಿದೆ ಎಂದು ಎದುರಿನವನಿಗೆ ಗೊತ್ತಾದ ಗಳಿಗೆಯಿಂದ ಬೆಲೆ ಅವನದು. ಸಂತೆಯಲ್ಲಿ ಇದು ನಿಜ, ಬೀಗರ ಮನೆಯಲ್ಲಿ ಇನ್ನೂ ನಿಜ.

ನಮ್ಮಪ್ಪ ಅಗರಖೇಡದಲ್ಲಿ ಬೇರೆಯವರ ಕುರಿ ಕಾಯುತ್ತಿದ್ದವನು. ದಲಾಲಿ ಕೆಲಸ ನನಗೆ ಯಾರೂ ಕಲಿಸಲಿಲ್ಲ; ಸಂತೆಯಲ್ಲಿ ನಿಂತು, ಬೈಸಿಕೊಂಡು, ಕಲಿತೆ. ಎಪ್ಪತ್ತರ ದಶಕದ ನಡುಭಾಗಕ್ಕೆ ಬರುವಷ್ಟರಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಎಲ್ಲ ಕಡೆ ನನ್ನ ಮಾತಿಗೆ ಒಂದು ತೂಕ ಬಂದಿತ್ತು. ಆ ತೂಕ ಬಂದದ್ದು ಎತ್ತು ಮಾರಿಸಿದ್ದರಿಂದಲ್ಲ, ಎತ್ತು ವಾಪಸು ಕೊಡಿಸಿದ್ದರಿಂದ. ಎತ್ತನ್ನು ಮನೆಗೆ ಹೊಡೆದುಕೊಂಡು ಹೋಗಿ ನೊಗ ಕಟ್ಟಿದಾಗ ಅದು ಮಲಗಿಬಿಟ್ಟರೆ, ಇಲ್ಲವೆ ಹೆಣ್ಣುಮಕ್ಕಳನ್ನು ಕಂಡರೆ ಹಾಯಲು ಬಂದರೆ, ಅದಕ್ಕೆ ಐಬು ಎನ್ನುತ್ತೇವೆ. ಮಾರಿದವನು ಮುಚ್ಚಿಟ್ಟ ದೋಷ. ಕೊಂಡವನು ಎತ್ತನ್ನು ತಿರುಗಿ ತರಬಹುದು, ದಲಾಲಿ ನಡುವೆ ನಿಂತು ಅದನ್ನು ಮಾಲೀಕನ ಗೂಟಕ್ಕೆ ಮತ್ತೆ ಕಟ್ಟಿಸಬೇಕು. ಇದಕ್ಕೆ ತಪ್ಪಿದ ದಲಾಲಿಯ ವಸ್ತ್ರದ ಕೆಳಗೆ ಮುಂದೆ ಯಾರೂ ಕೈ ಇಡುವುದಿಲ್ಲ.

ಅಕ್ಕ ನನಗಿಂತ ದೊಡ್ಡವಳು. ಅವ್ವ ಬೇಗ ತೀರಿಕೊಂಡಿದ್ದರಿಂದ ನನ್ನನ್ನು ಬೈದು ಬೆಳೆಸಿದವಳು ಅವಳೇ. ಅವಳನ್ನು ಸಿಂದಗಿ ತಾಲೂಕಿನ ಕನ್ನೊಳ್ಳಿಗೆ ಕೊಟ್ಟಿದ್ದೆವು. ಭಾವ ಒಕ್ಕಲುತನದವನು, ಮಾತು ಕಡಿಮೆ, ಹೆಂಡತಿಯೆಂದರೆ ಜೀವ. ಹಿಂದಿನ ವರ್ಷ ಅಕ್ಕನಿಗೆ ಹೊಟ್ಟೆಯ ಆಪರೇಷನ್ ಆಗಿತ್ತು. ಅರಿವಳಿಕೆ ಕೊಟ್ಟು ಕೊಯ್ದರು, ಹೊಲಿದರು, ಮನೆಗೆ ಕಳಿಸಿದರು. ಗಾಯ ಕೀವಾಯಿತು. ಅವಳು ಚೀರುವುದನ್ನು ಕೇಳಲಾಗದೆ ಭಾವ ಊರಿನ ಕಂಪೌಂಡರನನ್ನು ಕರೆಸಿದ. ಈ ಕಂಪೌಂಡರ್ ಹಿಂದೆ ಎಲ್ಲೋ ದವಾಖಾನೆಯಲ್ಲಿ ಇದ್ದು, ಈಗ ಬಸ್ಸು ನಿಲ್ಲುವ ಜಾಗದಿಂದ ಊರೊಳಗೆ ಬರುವ ಓಣಿಯಲ್ಲಿ ಒಂದು ಕೋಣೆ ಹಿಡಿದು ಸೂಜಿ ಚುಚ್ಚುತ್ತಿದ್ದ. ಅವನು ಕೊಟ್ಟದ್ದು ಪೆಥಿಡಿನ್. ಆಪರೇಷನ್ ಕೋಣೆಯಲ್ಲಿ ಅರಿವಳಿಕೆಯ ಜೊತೆಗೆ ಕೊಡುವಂಥ, ಎಂಥ ನೋವನ್ನೂ ನುಂಗುವ ಔಷಧ. ಒಂದು ಸಲ ಕೊಟ್ಟ. ಮರುದಿನವೂ ಬಾ ಎಂದರು, ಬಂದ. ಗಾಯ ಮಾಯಿತು. ಕಂಪೌಂಡರ್ ಬರುವುದು ನಿಲ್ಲಲಿಲ್ಲ.

ನಾನು ಆಗಾಗ ಹೋಗಿ ನೋಡಿ ಬರುತ್ತಿದ್ದೆ. ಅವಳು ತಲೆ ಬಾಚಿಕೊಂಡು, ಮುಖ ತೊಳೆದುಕೊಂಡು, ಕಂಪೌಂಡರನ ಸೈಕಲ್ ಸಪ್ಪಳಕ್ಕಿಂತ ಮೊದಲೇ ಹೊರಗೆ ಬಂದು ಕೂತಿರುತ್ತಿದ್ದಳು. ಅಕ್ಕ ಔಷಧಕ್ಕೆ ಹೆದರುವುದಿಲ್ಲ, ಬೇಗ ಸುಧಾರಿಸುತ್ತಾಳೆ ಎಂದುಕೊಂಡೆ. ದನ ನೋಡಿ ಬದುಕುವ ಯಾವನಾದರೂ ಹಾಗೆಯೇ ಅಂದುಕೊಳ್ಳುತ್ತಿದ್ದ. ಕರೆದರೆ ಬರುವ, ಕತ್ತು ಬಗ್ಗಿಸುವ ಪ್ರಾಣಿಯನ್ನು ನಾವು ಸಾಧು ಎನ್ನುತ್ತೇವೆ, ಬೆಲೆ ಹೆಚ್ಚು ಕೊಡುತ್ತೇವೆ.

ಅಂದು ಕನ್ನೊಳ್ಳಿಗೆ ಹೋದಾಗ ಅಕ್ಕನ ಅತ್ತೆ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ಎದ್ದು ನೀರು ಕೊಡಲಿಲ್ಲ. ಆ ಮನೆಯಲ್ಲಿ ನನಗೆ ನೀರು ಕೊಡದೆ ಮಾತು ತೆಗೆದದ್ದು ಅದೇ ಮೊದಲು.

"ಬಾರಪ್ಪಾ ದಲಾಲಿ. ನಾಕ ತಾಲೂಕಿನ ದನದ ನ್ಯಾಯ ಹರೀತಿ, ಇದನ್ನೂ ಹರಿ. ಐಬ ಇದ್ದ ಎತ್ತ ಮಾಲಕ ತಿರುಗಿ ಹೊಡಕೊಂಡ ಹೋಗ್ತಾನೋ ಇಲ್ಲೋ?"

"ಹೋಗ್ತಾನ್ರಿ, ಅತ್ತಿ."

"ಹಂಗಾರ ನಿಮ್ಮದನ್ನ ನೀ ಹೊಡಕೊಂಡ ನಡಿ."

ಅವಳು ಹೇಳಿದ್ದು ಇಷ್ಟು: ಚಟವಾಯಿತೆಂದು ತಿಳಿದು ಭಾವ ಸೂಜಿ ನಿಲ್ಲಿಸಿದ್ದಾನೆ. ನಿಲ್ಲಿಸಿದ ಮರುದಿನ ಸೊಸೆ ತಾನೇ ನಡೆದು ಕಂಪೌಂಡರನ ಕೋಣೆಯ ಮುಂದೆ ಹೋಗಿ ಕೂತಿದ್ದಾಳೆ, ಸೆರಗು ನೆಲಕ್ಕೆ ಬಿದ್ದದ್ದೂ ತಿಳಿಯದೆ, ಊರಿಗೆ ಊರೇ ನೋಡುವ ಹಾಗೆ. ಕುಡುಕ ಗಂಡಸು ಹೆಂಡದಂಗಡಿ ಮುಂದೆ ಕೂತರೆ ಜನ ದಾಟಿ ಹೋಗುತ್ತಾರೆ. ಹೆಣ್ಣುಮಗಳು ಕೂತರೆ ಮನೆತನ ಕೂತ ಹಾಗೆ.

ಒಳಗೆ ಹೋದೆ. ಅಕ್ಕ ಗೋಡೆಗೆ ಒರಗಿದ್ದಳು. ಕಣ್ಣು, ಮೂಗು ಸೋರುತ್ತಿದ್ದವು. ಬಾಯಿ ತುಂಬ ಆಕಳಿಸುತ್ತಿದ್ದಳು, ಒಂದು ಮುಗಿಯುವ ಮೊದಲೇ ಇನ್ನೊಂದು. ಆ ಸೆಕೆಯಲ್ಲೂ ತೋಳಿನ ಮೇಲೆ ರೋಮ ನಿಂತಿತ್ತು. ಕಾಲು ತನ್ನಷ್ಟಕ್ಕೆ ತಾನೇ ಒದೆಯುತ್ತಿತ್ತು.

"ನಾಟಕ, ಎಲ್ಲಾ ನಾಟಕ" ಎಂದಳು ಅತ್ತೆ ಹೊರಗಿನಿಂದ.

ನಾಟಕವಲ್ಲ ಎಂದು ನನಗೆ ಆ ಕ್ಷಣದಲ್ಲಿ ಗೊತ್ತಾಯಿತು. ಇದನ್ನು ನಾನು ನೋಡಿದ್ದೆ, ಇದೇ ಆಕಳಿಕೆ, ಇದೇ ಮೂಗು, ಇದೇ ನಿಂತ ರೋಮ. ನೋಡಿದ್ದು ಮನುಷ್ಯರಲ್ಲಲ್ಲ.

ಲಚ್ಯಾಣದ ಸ್ಟೇಷನ್ನಿನಲ್ಲಿ ರೈಲು ಹತ್ತಿದರೆ ಸಿಗುವ ಒಂದು ದೊಡ್ಡ ಊರಿನಲ್ಲಿ ವೈದ್ಯಕೀಯ ಕಾಲೇಜು ಇತ್ತು. ಅಲ್ಲಿ ಒಬ್ಬ ಡಾಕ್ಟರು ಅರಿವಳಿಕೆ ಔಷಧಗಳ ಮೇಲೆ ಸಂಶೋಧನೆ ನಡೆಸುತ್ತಿದ್ದರು. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ ಆಡುವ, ನಮ್ಮ ಕಡೆಯದೇ ವೈಷ್ಣವ ಮನೆತನದವರು. ಅವರಿಗೆ ಆಡು ಬೇಕಿದ್ದವು. ರೋಗವಿಲ್ಲದ, ಹೆದರಿಕೆಯಿಲ್ಲದ, ಒಂದೇ ವಯಸ್ಸಿನ ಆಡು. ಆರಿಸಿ ಕೊಡುವವನು ನಾನು. ಒಂದೊಂದರ ಹಲ್ಲು, ಕಣ್ಣು, ಗೊರಸು ನೋಡಿ ಒಪ್ಪಿಸುತ್ತಿದ್ದೆ. ಕಾಲೇಜಿನವರೆಂದು ಒಂದು ಐಬಿನ ಆಡನ್ನೂ ಅವರ ತಲೆಗೆ ಕಟ್ಟಲಿಲ್ಲ. ದೊಡ್ಡ ಗಿರಾಕಿಗೆ ಹಳಸಿದ ಮಾಲು ಕೊಡುವವನು ಒಂದೇ ಸಲ ಗಳಿಸುತ್ತಾನೆ, ಇದನ್ನೂ ನೆನಪಿಟ್ಟುಕೊಳ್ಳಿ.

ಒಮ್ಮೆ ಹೊಸ ಆಡುಗಳನ್ನು ಒಪ್ಪಿಸಲು ಹೋದಾಗ ಹಳೆಯವು ಕಂಬಿಗೆ ಮುಖ ಕೊಟ್ಟು ಸಾಲಾಗಿ ನಿಂತಿದ್ದವು. ಡಾಕ್ಟರು ಬಿಳಿ ಕೋಟು ಹಾಕಿಕೊಂಡು ಬಂದರು. ಎಲ್ಲವೂ ಅವರ ಕಡೆಗೇ ತಿರುಗಿ ಕತ್ತು ಚಾಚಿದವು. ಮುಂದೆ ಹಸಿ ಮೇವು ಬಿದ್ದಿತ್ತು, ಅದನ್ನು ಮೂಸಲಿಲ್ಲ.

"ಏನ ಸಾಧು ಮಾಡೀರಿ, ಸಾಹೇಬ್ರ! ನಿಮ್ಮ ಮ್ಯಾಲ ಎಷ್ಟ ಪ್ರೀತಿ!" ಎಂದೆ.

ಡಾಕ್ಟರು ನಕ್ಕರು. "ನನ್ನ ಮ್ಯಾಲ ಅಲ್ಲ ದಲಾಲರ, ನನ್ನ ಸೂಜಿ ಮ್ಯಾಲ. ನಾಳೆ ಬಂದ ನೋಡ್ರಿ, ಇವತ್ತ ಸೂಜಿ ಇಲ್ಲ."

ಮರುದಿನ ನೋಡಿದೆ. ಸಾಧು ಆಡುಗಳೆಲ್ಲ ಮೂಗು ಸುರಿಸುತ್ತ, ಆಕಳಿಸುತ್ತ, ಮೈಮೇಲಿನ ಕೂದಲು ನಿಮಿರಿಸಿಕೊಂಡು, ತಮ್ಮ ಹೊಟ್ಟೆಯನ್ನು ತಾವೇ ಒದೆಯುತ್ತ ನಿಂತಿದ್ದವು. ನಾನೇ ಆರಿಸಿ ಕೊಟ್ಟವು.

"ಯಾಕ ಹಿಂಗ್ರಿ?" ಎಂದು ಕೇಳಿದ್ದಕ್ಕೆ ಡಾಕ್ಟರು ತಾಳ್ಮೆಯಿಂದ ಹೇಳಿದರು. ಮೆದುಳಿನಲ್ಲಿ ಸಣ್ಣ ಸಣ್ಣ ಜಾಗಗಳಿವೆ, ರಿಸೆಪ್ಟರ್ ಎನ್ನುತ್ತಾರೆ, ಪರದೇಶದಲ್ಲಿ ಈಚೆಗೆ ಅವನ್ನು ಗುರುತು ಹಿಡಿದಿದ್ದಾರೆ. ಔಷಧ ರಕ್ತದಲ್ಲಿ ಹೋಗಿ ಅಲ್ಲಿ ಕೂಡುತ್ತದೆ. ಎಲ್ಲ ಔಷಧ ಎಲ್ಲ ಜಾಗಕ್ಕೂ ಕೂಡುವುದಿಲ್ಲ.

ನಾನು ಹೆಗಲ ವಸ್ತ್ರ ತೆಗೆದು ಅವರ ಕೈಮೇಲೆ ಹಾಕಿ, ಕೆಳಗಿನಿಂದ ಬೆರಳು ಹಿಡಿದೆ. "ಹಿಂಗೇನ್ರಿ?"

ಅವರು ಕೈ ಬಿಡಿಸಿಕೊಳ್ಳಲಿಲ್ಲ. "ಅಗದೀ ಹಿಂಗ. ಮೆದುಳಿಂದು ಅಂಗೈ, ಔಷಧದ್ದು ಬೆರಳು. ಬೆರಳ ಕೂಡ್ತು, ವ್ಯಾಪಾರ ಮುಗೀತು. ಹೊರಗ ನಿಂತವ್ರಿಗೆ ಏನೂ ಕಾಣೂದಿಲ್ಲ."

"ಆಡು ಒಲ್ಲೆ ಅಂದರ?"

"ಆಡಿಗೆ ಕೇಳವ್ರ ಯಾರು? ಅದರ ಹೆಸರ್ಲೆ ಅಂಗೈ ವ್ಯಾಪಾರ ಮಾಡ್ತದ." ಆಮೇಲೆ ಅವರೇ ಮುಂದುವರಿಸಿದರು. "ಮೈ ತನ್ನ ನೋವಿಗೆ ತಾನೂ ಇಂಥದೇ ಒಂದು ಮಾಲು ಮಾಡ್ಕೋತದ ಅಂತ ಈಗೀಗ ಹೇಳ್ಲಿಕ್ಕತ್ತಾರ. ಹೊರಗಿನ ಮಾಲು ದಿನಾ ಬಂದು ಬೀಳ್ಲಿಕ್ಕತ್ತಿದರ ಮನಿ ಮಾಲಿಗೆ ಕೆಲಸ ಇಲ್ಲ. ಹೊರಗಿಂದು ನಿಂತ ದಿನಾ ಅಂಗೈ ಖಾಲಿ. ಹಿಂಗಿರಬಹುದು ಅಂತ ಒಂದು ಊಹೆ, ಪಕ್ಕಾ ಅಲ್ಲ."

ಮೆದುಳಿನ ಆ ಅಂಗೈಗಳನ್ನು ನೋಡಲು ಕಡೆಗೆ ಆಡಿನ ತಲೆಯನ್ನೇ ತೆರೆಯಬೇಕಾಗುತ್ತದೆ ಎಂದೂ ಹೇಳಿದರು. ನಾನು ಕತ್ತಿಗೆ ಹೋಗುವ ಆಡು ಮಾರಿಯೇ ಬದುಕಿದವನು, ಅದಕ್ಕೆ ಹನಿಗಣ್ಣಾಗಲಿಲ್ಲ. ಆದರೆ ಆ ಆಕಳಿಕೆ ತಲೆಯಲ್ಲಿ ಉಳಿದುಬಿಟ್ಟಿತ್ತು.

ಈಗ ಅದೇ ಆಕಳಿಕೆ ಅಕ್ಕನ ಬಾಯಲ್ಲಿ. ನಾನು ಪಡಸಾಲೆಗೆ ಬಂದು ಅತ್ತೆಗೆ ಹೇಳಿದೆ: "ಸ್ವಲ್ಪ ದಿನಾ ಕೊಡ್ರಿ ಅತ್ತಿ. ಐಬು ಪರೀಕ್ಷಾ ಮಾಡದ ಯಾವ ದಲಾಲೀನೂ ದನ ಬಿಚ್ಚೂದಿಲ್ಲ. ನಾ ಬರೂ ತನಕಾ ಅಕ್ಕನ್ನ ಹೊರಗ ಹಾಕಬ್ಯಾಡ್ರಿ."

"ಹಾಕ್ಲಿಕ್ಕೆ ಏನ ಕೈ ಹಿಡದ ಎಳೀತೇನೇನ? ಆದ್ರ ಲಗೂನ ಬಾ. ಹಿರಿಯರನ್ನ ಕೂಡಸ್ತೇನಿ."

ನೆಟ್ಟಗೆ ಡಾಕ್ಟರ ಬಳಿ ಹೋದೆ. ನಾನು ಮಾತು ಮುಗಿಸುವ ಮೊದಲೇ ಅವರು ಕುರ್ಚಿಯಿಂದ ಎದ್ದರು. ಒಮ್ಮೆಲೇ ನಿಲ್ಲಿಸಿದ್ದು ತಪ್ಪು, ಮನೆಯಲ್ಲಿ ಆಗುವ ಕೆಲಸವಲ್ಲ, ದವಾಖಾನೆಯಲ್ಲಿ ಇಟ್ಟುಕೊಂಡು ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತ ಬರಬೇಕು, ತಮ್ಮ ಗೆಳೆಯರೊಬ್ಬರು ಅಂಥ ಚಿಕಿತ್ಸೆ ಮಾಡುತ್ತಾರೆ ಎಂದರು. ನನಗೆ ಇನ್ನೊಂದು ಪ್ರಶ್ನೆ ಇತ್ತು.

"ಸಾಹೇಬ್ರ, ಗಟ್ಟಿ ಆಡು ಯಾವುದಾರ ಉಳೀತೇನ್ರಿ? ಸೂಜಿ ಕೊಟ್ರೂ ಚಟಾ ಹತ್ತಲಾರದ್ದು?"

"ದಿನಾ ಕೊಟ್ಟದ್ದರಾಗ ನನ್ನ ಕಡೆ ಒಂದೂ ಉಳೀಲಿಲ್ಲ. ನೀವು ಆರಿಸಿ ತಂದ ಛಲೋ ಆಡೇ ಅವೆಲ್ಲಾ."

ನನಗೆ ಬೇಕಾದದ್ದು ಸಿಕ್ಕಿತು.

ಕನ್ನೊಳ್ಳಿಯಲ್ಲಿ ಹಿರಿಯರು ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದರು. ಊರಿನ ನ್ಯಾಯ ಹೇಳುವ ಒಬ್ಬ ಮುದುಕ ನಡುವೆ. ಭಾವ ಕಂಬಕ್ಕೆ ಒರಗಿ ನಿಂತಿದ್ದ. ಅತ್ತೆ ಹೊಸ್ತಿಲ ಬಳಿ. ಅಕ್ಕ ಒಳಗೆ, ಬಾಗಿಲ ಮರೆಯಲ್ಲಿ. ನಾನು ಬಾಗೇವಾಡಿಯಲ್ಲಿ ಕೊಂಡ ಹೊಸ ಪಟಕಾ ತಲೆಗೆ ಸುತ್ತಿಕೊಂಡು ಹೋಗಿದ್ದೆ. ಬೇಡಲು ಬಂದವನ ಹಾಗೆ ಎಂದೂ ಹೋಗಬಾರದು.

"ಹಿರ್ಯಾರ, ನಮ್ಮ ಅತ್ತಿ ಐಬಿನ ಮಾತ ತಗದಾರ. ನಾನೂ ಅದರಾಗ ಮಾತಾಡ್ತೇನಿ. ಒಬ್ಬಾಂವ ಛಲೋ ಎತ್ತ ಕೊಂಡ ಹೋದ. ತನ್ನ ಮನ್ಯಾಗ ಕಟ್ಟಿ ಲಾಳಾ ಹೊಡಿಸಿದ. ಮೊಳಿ ಮಾಂಸಕ್ಕ ಇಳೀತು. ಎತ್ತ ಕುಂಟಾಕ ಹತ್ತಿತು. ಅದನ್ನ ಮಾರಿದಾಂವ ತಿರುಗಿ ತಗೋಬೇಕೇನ್ರಿ?"

ಮುದುಕ ತಂಬಾಕು ತಿಕ್ಕುವುದನ್ನು ನಿಲ್ಲಿಸಿದ. "ಹೆಂಗ ತಗೋತಾನೋ? ಲಾಳಾ ಹೊಡಿಸಿದಾಂವ ಇಂವ."

"ಹಂಗಾರ ಇದ ಕೊಂಡ ಮ್ಯಾಲ ಬಂದ ಐಬು. ನಮ್ಮಕ್ಕನ್ನ ನಾವು ಕೊಟ್ಟಾಗ ತಲಿನೋವಿಗೂ ಗುಳಿಗಿ ತಗೊಂಡಾಕಿ ಅಲ್ಲ ಅಕಿ. ಸೂಜಿ ಈ ಮನ್ಯಾಗ ಬಂತು, ಈ ಮನಿಯವರು ಕರಿಸಿದ್ರು. ನಾ ತಿರುಗಿ ಒಯ್ಯೂದಿಲ್ಲ."

ಒಂದು ಸುತ್ತು ಗುಜುಗುಜು ಎದ್ದಿತು. ಅತ್ತೆ ಬಿಡುವವಳಲ್ಲ.

"ಸೂಜಿ ಊರಾಗ ಎಲ್ಲಾರೂ ಮಾಡಿಸ್ಕೋತಾರ. ಎಲ್ಲಾರೂ ಕಂಪೌಂಡರನ ಬಾಗಲಾ ಕಾಯ್ತಾರೇನ? ಮನಸ ಗಟ್ಟಿ ಬೇಕು. ಮನೆತನಾ ಬೇಕು."

ನಾನು ಕಾಯುತ್ತಿದ್ದದ್ದು ಈ ಮಾತಿಗೇ. ಆಡುಗಳ ಕಥೆಯನ್ನು ಮೊದಲಿನಿಂದ ಹೇಳಿದೆ. ಬಿಳಿ ಕೋಟು, ಮೂಸದ ಮೇವು, ಆಕಳಿಕೆ, ನಿಮಿರಿದ ಕೂದಲು. ಮುದುಕನ ಕೈಮೇಲೆ ವಸ್ತ್ರ ಹಾಕಿ ಮೆದುಳಿನ ಅಂಗೈಯನ್ನೂ ತೋರಿಸಿದೆ.

"ಅಲ್ಲಿ ದಿನಾ ಸೂಜಿ ತಗೊಂಡ ಎಲ್ಲಾ ಆಡೂ ಹಿಂಗ ಆದ್ವು. ಆಡಿಗೆ ಎಂಥಾ ಮನಸ್ರಿ ಅತ್ತಿ? ನಾ ಛಲೋ ಮನೆತನದ ಆಡು, ನನಗ ಸೂಜಿ ಬ್ಯಾಡ ಅಂತ ಒಂದೂ ಅನಲಿಲ್ಲ!"

ಕಟ್ಟೆ ನಕ್ಕಿತು. ಮುದುಕನೂ ನಕ್ಕ. ನಗು ಬಂದ ಕಡೆ ವ್ಯಾಪಾರ ಅರ್ಧ ಗೆದ್ದ ಹಾಗೆ ಎಂದು ನಾನು ಹಿಗ್ಗುತ್ತಿದ್ದಾಗಲೇ ಬಾಗಿಲ ಮರೆಯಿಂದ ಅಕ್ಕ ಹೊರಗೆ ಬಂದಳು. ಮುಖ ಬಾತಿತ್ತು. ಮಾತು ಗಟ್ಟಿಯಾಗಿತ್ತು.

"ಸಾಕ ಮಾಡೋ, ತಮ್ಮಾ. ಇವರು ನನ್ನ ಎತ್ತ ಅಂದ್ರು, ನೀ ಆಡ ಮಾಡಿದಿ. ಇನ್ನ ಹಲ್ಲ ಹಿಡದ ತೋರಸೂದೊಂದ ಉಳದೈತಿ, ಅದನ್ನೂ ತೋರ್ಸು."

ನಗು ನಿಂತುಹೋಯಿತು. ನಾನು ಮುದುಕನ ಕೈಮೇಲಿದ್ದ ವಸ್ತ್ರ ತೆಗೆದುಕೊಂಡೆ.

"ನನ್ನ ಬಾಯಿಂದ ಕೇಳ್ರಿ" ಎಂದಳು ಮುದುಕನ ಕಡೆ ತಿರುಗಿ. "ನೋವು ಹೋಗೇತಿ. ಸೂಜಿ ಬೇಕಾಗೇತಿ. ಎರಡೂ ಖರೇ. ಕಂಪೌಂಡರನ ಮುಂದ ಕುಂತಿದ್ದೂ ಖರೇ. ನಿಮ್ಮ ಸೊಸಿ ಕುಂತಿರಲಿಲ್ಲ ಅಲ್ಲಿ, ಈ ಸುಡುಗಾಡ ಮೈ ಕುಂತಿತ್ತು. ನಾನು ಈ ಮನಿ ಬಿಟ್ಟ ಹೋಗೂದಿಲ್ಲ. ದವಾಖಾನಿಗೆ ಹೋಗ್ತೇನಿ. ಆದ್ರ ತಮ್ಮನ ಕೂಡ ಹೋಗೂದಿಲ್ಲ. ತವರಮನಿಯವರು ಒಯ್ದ್ರು ಅಂತ ನಾಳೆ ನೀವ ಅಂತೀರಿ. ಕಂಪೌಂಡರನ ಯಾರ ಕರಿಸಿದ್ರೋ ಅವರ ಬರಬೇಕು."

ಎಲ್ಲರೂ ಭಾವನನ್ನು ನೋಡಿದರು. ಅವನು ಕಂಬ ಬಿಟ್ಟು ಮುಂದೆ ಬಂದ.

"ಬರ್ತೇನಿ" ಎಂದ. ಆಮೇಲೆ, ಯಾರೂ ಕೇಳದಿದ್ದರೂ, "ಅಕಿ ಚೀರೂದ ಕೇಳಾಕ ಆಗಲಿಲ್ಲ ನನಗ" ಎಂದ.

"ಬಿತ್ತಿಗಿ ಹೊತ್ತಿನ್ಯಾಗ ನೀ ದವಾಖಾನ್ಯಾಗ ಕುಂತರ ಹೊಲಾ ಯಾರ ಬಿತ್ತಬೇಕು?" ಎಂದಳು ಅತ್ತೆ. ಅದು ಅವಳ ಕೊನೆಯ ಹಟ ಎಂದು ನನಗೆ ತಿಳಿಯಿತು. ವ್ಯಾಪಾರದಲ್ಲಿ ಎದುರಿನವರು ದೊಡ್ಡ ಮಾತು ಬಿಟ್ಟು ಸಣ್ಣ ತೊಡಕು ಎತ್ತಿದರೆ, ಮನಸ್ಸು ಒಪ್ಪಿದೆ ಎಂದೇ ಅರ್ಥ. ಆ ಸಣ್ಣದನ್ನು ಕೂಡಲೇ ಕೊಟ್ಟುಬಿಡಬೇಕು.

"ನಾ ಬಿತ್ತತೇನ್ರಿ. ನಿಮ್ಮ ಎತ್ತು, ನಿಮ್ಮ ಕೂರಿಗಿ, ನನ್ನ ರಟ್ಟಿ."

ಮುದುಕ ತಂಬಾಕು ಬಾಯಿಗೆ ಹಾಕಿಕೊಂಡು ಎದ್ದ. "ಮುಗೀತ. ಸೊಸಿ ಈ ಮನಿಯಾಕಿ. ಕರಕೊಂಡ ಹೋಗಿ ಕರಕೊಂಡ ಬಾರೋ."

ಭಾವ ಅಕ್ಕನನ್ನು ಕರೆದುಕೊಂಡು ಹೋದ. ನಾನು ಮುದ್ದೇಬಿಹಾಳದ ಸಂತೆ ಬಿಟ್ಟು ಬಂದು ಕನ್ನೊಳ್ಳಿಯ ಕರಿ ಹೊಲದಲ್ಲಿ ಬಿಳಿಜೋಳ ಬಿತ್ತಿದೆ. ಎತ್ತು ಮಾರುವುದೇ ಬೇರೆ, ಎತ್ತಿನ ಹಿಂದೆ ನಡೆಯುವುದೇ ಬೇರೆ. ಅತ್ತೆ ಬದುವಿನ ಮೇಲೆ ನಿಂತು ನೋಡುತ್ತಿದ್ದಳು.

"ದಲಾಲಿ, ಸಾಲು ನಿನ್ನ ಮಾತಿನಂಗ ಡೊಂಕ ಹೊಂಟಾವ."

"ಡೊಂಕ ಸಾಲಿನ ಜೋಳಾನೂ ಹೊಟ್ಟಿಗೇ ಹೋಗತೈತ್ರಿ ಅತ್ತಿ."

ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಅವಳು ಕೇಳಿದಳು. "ಆ ಆಡುಗೋಳ ಮಾತು ಖರೇನ?"

"ಖರೇರಿ. ಬೇಕಾದ್ರ ಕರಕೊಂಡ ಹೋಗಿ ತೋರಸ್ತೇನಿ."

"ಬ್ಯಾಡ." ರೊಟ್ಟಿ ಮುರಿದು ನನ್ನ ಕೈಗಿಟ್ಟಳು. "ನನ್ನ ಮಗಾ ಹುಟ್ಟೂವಾಗ ಹೊಟ್ಟ್ಯಾಗ ಅಡ್ಡ ಸಿಕ್ಕಿದ್ದ. ಎಷ್ಟ ಹೊತ್ತ ಚೀರೇನಿ ನಾ. ಮನ್ಯಾಗಿನವರು ಅಂಗಳದಾಗ ಕುಂತ ಎಲಿ ಅಡಿಕಿ ಹಾಕ್ಕೊಂಡ್ರು. ನನಗ ಯಾರೂ ಸೂಜಿ ತರಲಿಲ್ಲ."

ಅವಳ ಸಿಟ್ಟಿನ ಬೇರು ಎಲ್ಲಿತ್ತು ಎಂದು ಆಗ ಕಂಡಿತು. ಚಟಕ್ಕಿಂತ ಹೆಚ್ಚಾಗಿ, ಸೊಸೆಯ ನೋವಿಗೆ ಮಗ ಓಡಾಡಿದ್ದು ಅವಳನ್ನು ಸುಟ್ಟಿತ್ತು. ನಾನು ಉಪದೇಶ ಮಾಡುವ ಚಾಳಿಯವನು, ಆದರೂ ಆಗ ಅವಳು ಕೊಟ್ಟ ರೊಟ್ಟಿ ತಿಂದೆ.

ದವಾಖಾನೆಯ ದಿನಗಳನ್ನು ನಾನು ನೋಡಲಿಲ್ಲ, ಭಾವನಿಂದ ಕೇಳಿದ್ದು. ಔಷಧ ಕಡಿಮೆಯಾದ ಹಾಗೆಲ್ಲ ಅಕ್ಕ ಅವನನ್ನು, ಅವನ ವಂಶವನ್ನು, ನರ್ಸನ್ನು, ನನ್ನನ್ನು ಸೇರಿಸಿ ಬೈದಳಂತೆ. ಒಂದು ದಿನ ಚೀಲ ಹಿಡಿದು ಗೇಟಿನ ತನಕ ಹೋಗಿ, ತಾನೇ ತಿರುಗಿ ಬಂದು ಮಂಚದ ಮೇಲೆ ಕೂತಳಂತೆ. ಭಾವ ತಡೆಯಲಿಲ್ಲ, ಹಿಂದೆ ಹಿಂದೆ ನಡೆದನಂತೆ. "ಯಾಕ ಬಂದಿ ತಿರುಗಿ?" ಎಂದು ಕೇಳಿದ್ದಕ್ಕೆ, "ನಿನಗ್ಯಾಕ?" ಎಂದಳಂತೆ. ಅವನು ಇದನ್ನು ಹೇಳುವಾಗ ನಗುತ್ತಿದ್ದ.

ಸೂಜಿ ಪೂರ್ತಿ ನಿಂತು, ಊಟ ಸೇರಿ, ನಿದ್ದೆ ಬರತೊಡಗಿದ ಮೇಲೆ ಮನೆಗೆ ಕಳಿಸಿದರು. ಕರೆತರಲು ನಾನೂ ಹೋಗಿದ್ದೆ. ಅಲ್ಲಿಗೆ ಬಂದಿದ್ದ ಆಡಿನ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು.

"ದಲಾಲರ, ಒಂದ ಮಾತು. ಸೂಜಿ ಬಿಟ್ಟ ಎಷ್ಟೋ ದಿನಾ ಆದ ಮ್ಯಾಲೂ ನನ್ನ ಆಡು ಬಿಳೀ ಕೋಟು ನೋಡಿದರ ತಿರುಗತಾವ. ಜಾಗಾ, ವಾಸನಿ, ಸಪ್ಪಳಾ, ಇವು ಕರೀತಾವ. ಆ ಕಂಪೌಂಡರನ ಕೋಣಿ ಕಡೆ ಅವ್ರನ್ನ ಬಿಡಬ್ಯಾಡ್ರಿ."

ಹಾಗಾಗಿ ಬಸ್ಸು ಇಳಿದ ಕೂಡಲೇ ನಾನು ಹೊಲದ ಕಡೆಯ ಕಾಲುದಾರಿ ತೋರಿಸಿದೆ. ಮನೆಯ ಹಿತ್ತಲಿಗೆ ಸೇರುವ ದಾರಿ. ನಡು ಮಧ್ಯಾಹ್ನ, ಜನ ಕಟ್ಟೆಗಳ ಮೇಲೆ ಕೂತಿರುವ ಹೊತ್ತು.

"ಈ ಕಡೆ ಹೋಗೂಣ ನಡಿ ಅಕ್ಕಾ. ಡಾಕ್ಟರ್ ಹೇಳ್ಯಾರ."

"ಡಾಕ್ಟರ್ ಈ ಊರಾಗ ಬಾಳೇ ಮಾಡ್ತಾರೇನ?" ಅವಳು ಸೆರಗು ತಲೆಯ ಮೇಲೆ ಎಳೆದುಕೊಂಡಳು. "ಬಸ್ಸಿಗೆ ಬರಬೇಕಾದ್ರ ಇದ ಓಣಿ. ಗಿರಣಿಗೆ ಹೋಗಬೇಕಾದ್ರ ಇದ ಓಣಿ. ಜಲ್ಮೆಲ್ಲಾ ಹಿತ್ತಲ ಬಾಗಲ್ಲೆ ತಿರಗ್ಯಾಡ್ಲೇನ?"

ಡಾಕ್ಟರ ಮಾತೇ ಸರಿ. ಇಂಥ ಸ್ಥಿತಿಯಲ್ಲಿ ಇರುವವರ ಮನೆಯವರಿಗೆ ನಾನು ಇಂದೂ ಅದನ್ನೇ ಹೇಳುತ್ತೇನೆ. ದಾರಿ ಬದಲಿಸಿ, ಸೂಜಿ ಹಾಕುವವನು ಬಂದರೆ ಔಷಧದ ಹೆಸರು ಕೇಳಿ, ಎಷ್ಟು ದಿನ ಎಂದು ಕೇಳಿ, ನಿಲ್ಲಿಸುವುದು ಹೇಗೆ ಎಂದು ಮೊದಲೇ ಕೇಳಿ. ಅಕ್ಕ ಮಾಡಿದ್ದನ್ನು ಮಾಡಬೇಡಿ. ಆದರೆ ಅವಳು ಮಾಡಿದಳು.

ಭಾವ ಚೀಲ ಹಿಡಿದು ಒಂದು ಪಕ್ಕ, ನಾನು ಇನ್ನೊಂದು ಪಕ್ಕ. ಓಣಿಯ ಜನ ತಿರುಗಿ ನೋಡಿದರು. ಕಂಪೌಂಡರ್ ಕೋಣೆಯ ಬಾಗಿಲಲ್ಲಿ ಸ್ಟೋವ್ ಹಚ್ಚಿ ಸೂಜಿ ಕುದಿಸುತ್ತಿದ್ದ. ಸ್ಪಿರಿಟ್ಟಿನ ವಾಸನೆ ರಸ್ತೆಗೆ ಬರುತ್ತಿತ್ತು. ಅಕ್ಕ ಅಲ್ಲಿ ನಿಂತಳು. ನನ್ನ ಮುಂಗೈ ಹಿಡಿದಳು, ಉಗುರು ಚರ್ಮಕ್ಕೆ ನಟ್ಟಿತು. ಅವಳ ಮೂಗಿನ ಹೊಳ್ಳೆ ಅರಳುತ್ತಿದ್ದುದು ನನಗೆ ಮಾತ್ರ ಕಾಣುತ್ತಿತ್ತು. ಕಂಪೌಂಡರ್ ಎದ್ದು ನಿಂತ.

"ಬರ್ರಿ ಅಕ್ಕಾರ... ಆರಾಮ್ರೀ?"

"ಆರಾಮ ಅದೀನಿ. ಕುಡ್ಯಾಕ ಒಂಚೂರು ನೀರ ಕೊಡು."

ಅವನು ತಂಬಿಗೆಯಲ್ಲಿ ನೀರು ತಂದುಕೊಟ್ಟ. ಅವಳು ಓಣಿಯ ನಡುವೆ ನಿಂತು, ಕಟ್ಟೆಗಳ ಮೇಲಿನ ಅಷ್ಟೂ ಕಣ್ಣುಗಳ ಎದುರು, ನಿಧಾನವಾಗಿ ಕುಡಿದಳು. ತಂಬಿಗೆ ತಿರುಗಿ ಕೊಟ್ಟು ನಡೆದಳು. ಮುಂದಿನ ತಿರುವು ದಾಟಿದ ಮೇಲೆ ನನ್ನ ಕೈ ಬಿಟ್ಟು ಹೇಳಿದಳು: "ಬಾಯಾಗ ನೀರ ಒಡೀತೋ, ತಮ್ಮಾ. ಇನ್ನೂ ಒಡೀತೈತಿ."

"ಮತ್ತ್ಯಾಕ ನಿಂತಿ?"

"ನಿಂತ ದಾಟಬಹುದೋ ಇಲ್ಲೋ ನೋಡಬೇಕಿತ್ತ."

ಮುಂಬಾಗಿಲಲ್ಲಿ ಅತ್ತೆ ನಿಂತಿದ್ದಳು. ಮಗನನ್ನು ನೋಡಿದಳು, ನನ್ನನ್ನು ನೋಡಿದಳು, ಕಡೆಗೆ ಸೊಸೆಯನ್ನು.

"ಬಂದ್ಯಾ, ಯವ್ವಾ?"

"ಬಂದ್ನಿ."

ಅತ್ತೆ ಬಾಗಿಲಿನಿಂದ ಸರಿದು ದಾರಿ ಬಿಟ್ಟಳು. ಅಕ್ಕ ಒಳಗೆ ಹೋಗಿ, ಕೈಕಾಲು ತೊಳೆದುಕೊಂಡು, ಒಲೆಯ ಮುಂದೆ ಹಿಟ್ಟಿನ ಪರಾತ ಎಳೆದುಕೊಂಡು ಕೂತಳು. ಸ್ವಲ್ಪ ಹೊತ್ತಿಗೆ ರೊಟ್ಟಿ ಬಡಿಯುವ ಸಪ್ಪಳ ಹೊರಗೆ ನಮ್ಮ ತನಕ ಬಂತು.